ಪಟ್ಟಿ ಎತ್ತುವ ಮೊದಲು ಅಳತೆ ಮಾಡಿಸಿ: ಬೀದರ ಸೀಮೆಯ ನಮ್ಮೂರು ಝರಿಯ ಬಯಲು ಉಳಿಸಿಕೊಂಡ ಪ್ರಕರಣ

ಪ್ಲಾಟ್ ಆಗಲಿದ್ದ ಝರಿಯ ಜಮೀನನ್ನು ನಮ್ಮೂರವರೇ ಹಣ ಕೂಡಿಸಿ ಕೊಂಡೆವು. ಅದಕ್ಕೇ ಈಚೆಗೆ ಅಕ್ಕಪಕ್ಕದ ಊರುಗಳಿಂದ ಫೋನ್ ಬರುತ್ತವೆ. ಎಲ್ಲರದೂ ಒಂದೇ ಪ್ರಶ್ನೆ: "ಅಷ್ಟು ರೊಕ್ಕ ಹೆಂಗ ಕೂಡಿಸಿದ್ರಿ?" ನಾನು ಪ್ರತಿ ಸಲ ಮೊದಲು ಒಂದೇ ಮಾತು ತಿರುಗಿ ಕೇಳುತ್ತೇನೆ. ನಿಮ್ಮ ಜಮೀನಿನ ಅಳತೆ ಆಗಿದೆಯಾ? ಆಗಿಲ್ಲ ಅಂದರೆ ಪಟ್ಟಿ, ಅಂದರೆ ವಂತಿಗೆ ಎತ್ತುವ ಪುಸ್ತಕ ಬದಿಗಿಡಿ. ನಾವು ಆ ಕ್ರಮ ತಪ್ಪಿದೆವು. ಅದರಿಂದ ನಾಲ್ಕು ತಿಂಗಳು ಊರನ್ನೆಲ್ಲ ಹೆದರಿಸಿ, ಬೇಡದ ಜಗಳ ಮೈಮೇಲೆ ಎಳೆದುಕೊಂಡೆವು. ಅದನ್ನೆಲ್ಲ ಒಮ್ಮೆ ಪೂರ್ತಿ ಬರೆದಿಟ್ಟರೆ ಇನ್ನೊಂದು ಊರಿಗೆ ಉಪಯೋಗ ಆಗಬಹುದು ಅಂತ ಕೂತಿದ್ದೇನೆ. ಊರಿನ ಹೆಸರು, ಜನರ ಹೆಸರು ಬರೆಯುತ್ತಿಲ್ಲ. ಒಂದಿಷ್ಟು ಅರ್ಜಿಗಳು ಇನ್ನೂ ಕಚೇರಿಯಲ್ಲಿವೆ, ಮತ್ತು ಆ ಅರ್ಜಿ ಹಾಕಿದವರೂ ನಮ್ಮೂರಿನವರೇ.

ಜಾಗ ಯಾವುದು

ಬೀದರ ನಗರ ಕೂತಿರುವುದೇ ಒಂದು ಕೆಂಪು ಕಲ್ಲಿನ ಎತ್ತರದ ಬಯಲಿನ ಮೇಲೆ. ಜಂಬಿಟ್ಟಿಗೆ ಕಲ್ಲು ಅಂತೀವಲ್ಲ, ಅದೇ. ತೂತು ತೂತಿನ ಕಲ್ಲು ಅದು, ಮಳೆ ನೀರನ್ನು ಸ್ಪಂಜಿನ ಹಾಗೆ ಒಳಗೆ ಎಳೆದುಕೊಳ್ಳುತ್ತದೆ. ಅದರ ಕೆಳಗೆ ಜೇಡಿಯಂಥ ಮಣ್ಣು, ಅದರ ಕೆಳಗೆ ಗಟ್ಟಿ ಕರಿ ಕಲ್ಲು. ಇಳಿದ ನೀರು ಅಲ್ಲಿ ನಿಂತು, ಪಕ್ಕಕ್ಕೆ ಹರಿದು, ಬಯಲು ಮುಗಿಯುವ ಅಂಚಿನಲ್ಲಿ ಝರಿಯಾಗಿ ಹೊರಗೆ ಬರುತ್ತದೆ. ಗುರುನಾನಕ ಝೀರಾ, ನರಸಿಂಹ ಝರಣಿ ಇವೆರಡನ್ನೂ ನೀವು ನೋಡಿರುತ್ತೀರಿ, ಝರಣಿಯಲ್ಲಿ ಎದೆಮಟ್ಟ ನೀರಲ್ಲಿ ನಡೆದು ನರಸಿಂಹನ ದರ್ಶನ ಮಾಡಿರುತ್ತೀರಿ. ನೌಬಾದಿನ ಹತ್ತಿರ ಬಹಮನಿ ಕಾಲದವರು ಸುರಂಗ ಬಾವಿ ತೋಡಿದ್ದೂ ಇದೇ ನೀರಿನ ನಡೆ ನೋಡಿಕೊಂಡೇ.

ನಮ್ಮೂರು ಆ ಅಂಚಿನ ಕೆಳಗಿದೆ. ಮೇಲೆ ಗಾಯರಾಣ, ಅಂದರೆ ದನ ಮೇಯುವ ಸರ್ಕಾರಿ ಜಮೀನು, ದಾಖಲೆಯಲ್ಲಿ 96 ಎಕರೆ. ಗಾಯರಾಣಕ್ಕೂ ಊರಿಗೂ ನಡುವೆ ಒಂದು ಇಳಿಜಾರು ಪಟ್ಟೆ. ಅದು ಖಾಸಗಿ ಜಮೀನು, ಅದರಲ್ಲೇ ನಮ್ಮ ಝರಿ. ಸೀತಾಫಲ, ಕವಳಿ, ಬಾರಿ ಗಿಡಗಳು, ತಂಗಡಿ ಹೂವು. ಬೆಳಿಗ್ಗೆ ಬೇಗ ಹೋದರೆ ಮೇಲಿನ ಹುಲ್ಲಿನಲ್ಲಿ ಚಿಗರಿ, ಅಂದರೆ ಕೃಷ್ಣಮೃಗದ ಹಿಂಡು ಕಾಣುತ್ತದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಮೊದಲನೇ ಅನುಸೂಚಿಯಲ್ಲಿರುವ ಪ್ರಾಣಿ ಅದು. ನಮಗೆ ಮಾತ್ರ ದಿನಾ ನೋಡುವ ಚಿಗರಿ.

ಈ ಝರಿ ನಮಗೆ ಏನು ಅಂತ ಹೊರಗಿನವರಿಗೆ ಹೇಳಲು ಒಂದು ವರ್ಷದ ಮಾತು ಸಾಕು. 2016ರ ಏಪ್ರಿಲ್‌ನಲ್ಲಿ ಪಕ್ಕದ ಲಾತೂರಿಗೆ ಮಿರಜ್‌ನಿಂದ ರೈಲಿನಲ್ಲಿ ಕುಡಿಯುವ ನೀರು ತಂದರು, ನೆನಪಿದೆ ಅಲ್ವಾ? ಆ ಬೇಸಿಗೆಯಲ್ಲಿ ನಮ್ಮೂರ ಬೋರ್‌ವೆಲ್‌ಗಳೆಲ್ಲ ಬರೀ ಗಾಳಿ ಬಿಟ್ಟವು. ಝರಿ ಕಿರುಬೆರಳು ದಪ್ಪಕ್ಕೆ ಇಳಿಯಿತು, ಆದರೆ ನಿಲ್ಲಲಿಲ್ಲ. ರಾತ್ರಿ ಎರಡು ಗಂಟೆಗೂ ಕೊಡಗಳ ಸಾಲು ಇರುತ್ತಿತ್ತು. ನಮ್ಮ ಆಯಿ ಸಾಲಿನಲ್ಲಿ ಕೊಡ ಇಟ್ಟು ಅಲ್ಲೇ ಕಲ್ಲಿಗೆ ಒರಗಿ ನಿದ್ದೆ ಮಾಡುತ್ತಿದ್ದರು, ಸರದಿ ಬಂದಾಗ ಯಾರೋ ಎಬ್ಬಿಸುತ್ತಿದ್ದರು.

ಜೆಸಿಬಿ ಬಂದ ದಿನ

2023ರ ಗಣೇಶ ಚೌತಿ ಮುಗಿದು ಒಂದು ವಾರ ಆಗಿತ್ತು. ದನ ಕಾಯುವ ಹುಡುಗ ಓಡಿ ಬಂದು ಹೇಳಿದ, ಮೇಲೆ ಜೆಸಿಬಿ ಬಂದಿದೆ, ರಸ್ತೆ ಮಾಡ್ತಿದೆ ಅಂತ. ಹೋಗಿ ನೋಡಿದರೆ ಗಾಯರಾಣದ ನಡುವೆ ನೇರಕ್ಕೆ ಒಂದು ಕೆಂಪು ಗೀರು ಎಳೆದಿದ್ದಾರೆ. ಪಟ್ಟೆಯಲ್ಲಿ ಸಾಲಾಗಿ ಸಿಮೆಂಟ್ ಕಲ್ಲು ನೆಟ್ಟು ಬಣ್ಣ ಹಚ್ಚಿದ್ದಾರೆ. ಪ್ಲಾಟ್ ಬೀಳುತ್ತವೆ ಅಂತ ಗೊತ್ತಾಯಿತು.

ಇಲ್ಲಿ ಹಿನ್ನೆಲೆ ಸ್ವಲ್ಪ ಹೇಳಬೇಕು. ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳದಂತೆ ತಡೆಯುತ್ತಿದ್ದ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಂಗಳು 2020ರ ತಿದ್ದುಪಡಿಯಲ್ಲಿ ಹೋದವು. ಆಮೇಲೆ ನಗರದ ಸುತ್ತಲಿನ ಹಳ್ಳಿಗಳಲ್ಲಿ ಜಮೀನು ಕೇಳಿಕೊಂಡು ಬರುವವರು ಜಾಸ್ತಿ ಆದರು. ಕೊಂಡ ಮೇಲೆ ಎನ್‌ಎ (ಕೃಷಿಯೇತರ) ಮಾಡಿಸಬೇಕು, ಅಂದರೆ ಭೂಕಂದಾಯ ಕಾಯ್ದೆ 1964ರ 95ನೇ ಕಲಂ ಪ್ರಕಾರ ಜಿಲ್ಲಾಧಿಕಾರಿಯಿಂದ ಪರಿವರ್ತನೆ ಆದೇಶ ಬೇಕು. ಅದಕ್ಕೂ ಮೊದಲೇ ಕಲ್ಲು ನೆಟ್ಟು ಗಿರಾಕಿಗಳಿಗೆ ತೋರಿಸುವುದು ಎಲ್ಲ ಕಡೆ ನಡೆಯುತ್ತದೆ. ನಮ್ಮಲ್ಲೂ ಹಾಗೇ ಆಗಿತ್ತು. ಮಾಲೀಕರ ಜೊತೆ ಬಾಯಿಮಾತು ಆಗಿತ್ತು, ಕಾಗದ ಆಗಿರಲಿಲ್ಲ.

ಮಾಲೀಕರು ಯಾರು ಅಂದರೆ ನಮ್ಮೂರಿನದೇ ಹಳೇ ಮನೆತನ, ಇಬ್ಬರು ಅಣ್ಣತಮ್ಮಂದಿರು ಮತ್ತು ಒಬ್ಬ ಅಕ್ಕ. ಇಪ್ಪತ್ತು ವರ್ಷದಿಂದ ಹೈದರಾಬಾದಿನಲ್ಲಿದ್ದಾರೆ. ಅವರನ್ನು ಕೆಟ್ಟವರು ಅಂತ ನಾನು ಯಾವತ್ತೂ ಹೇಳುವುದಿಲ್ಲ. ಬೆಳೆ ಬಾರದ ಕಲ್ಲು ಜಮೀನಿಗೆ ಯಾರೋ ಎಕರೆಗೆ 8 ಲಕ್ಷ ಕೊಡುತ್ತೇವೆ ಅಂದರೆ ನೀವಾದರೂ ಏನು ಮಾಡುತ್ತಿದ್ದಿರಿ?

ಮೊದಲ ಪಟ್ಟಿ, ಮೊದಲ ಜಗಳ

ಅದೇ ವಾರ ಹನುಮಾನ ಗುಡಿ ಕಟ್ಟೆಯ ಮೇಲೆ ಸಭೆ ಆಯಿತು. ಸಿಟ್ಟು ಎಲ್ಲರಿಗೂ ಇತ್ತು. ಯಾರೋ ಹೇಳಿದರು, ನಾವೇ ಕೊಂಡುಬಿಡೋಣ. ಪಟ್ಟೆ 11 ಎಕರೆ, ಎಕರೆಗೆ 8 ಲಕ್ಷ, ಒಟ್ಟು 88 ಲಕ್ಷ. ಜಾತ್ರೆಗೆ ಪಟ್ಟಿ ಎತ್ತುವ ಹಾಗೆ ಎತ್ತಿದರಾಯಿತು ಅಂತ ಆ ರಾತ್ರಿಯೇ ಒಂದು ನೋಟ್‌ಬುಕ್ ತೆಗೆದೆವು. 41 ಮನೆಯವರು ಅಲ್ಲೇ 63,000 ಕೊಟ್ಟರು. ರಸೀದಿ ಇಲ್ಲ, ಬ್ಯಾಂಕ್ ಖಾತೆ ಇಲ್ಲ, ಹಣ ಒಬ್ಬರ ಮನೆಯ ಟ್ರಂಕಿನಲ್ಲಿ.

ಎರಡು ವಾರ ತಡೆಯಲಿಲ್ಲ. ಒಬ್ಬರು 2,000 ಕೊಟ್ಟೆ ಅಂದರು, ಪುಸ್ತಕದಲ್ಲಿ 1,000 ಇತ್ತು. ಒಬ್ಬರ ಹೆಸರೇ ಇರಲಿಲ್ಲ. ನಾಲ್ಕು ಮನೆಯವರು "ಇದು ಇಲೆಕ್ಷನ್ ಸಲುವಾಗಿ ಮಾಡಾಕತ್ತಾರ" ಅಂತ ಮಾತು ಹಬ್ಬಿಸಿದರು. ಟ್ರಂಕು ಇದ್ದ ಮನೆಯ ಕಾಕಾ ಒಂದು ಸಂಜೆ ಅದನ್ನು ಹಾಗೇ ಹೊತ್ತು ತಂದು ಕಟ್ಟೆಯ ಮೇಲಿಟ್ಟರು. "ನನ್ನ ಮನ್ಯಾಗ ಬ್ಯಾಡ್ರಪಾ, ನನಗ ನಿದ್ದಿ ಬರವಲ್ದು" ಅಂದರು. ಎಲ್ಲರಿಗೂ ಹಣ ವಾಪಸ್ ಕೊಟ್ಟೆವು. ಜಾಸ್ತಿ ಕೊಟ್ಟೆ ಅಂದವರಿಗೆ ಜಾಸ್ತಿಯೇ ಕೊಟ್ಟೆವು, ವ್ಯತ್ಯಾಸದ 2,400 ರೂಪಾಯಿ ನಾವು ಆರು ಜನ ಹಾಕಿಕೊಂಡೆವು. ಆ 2,400 ರೂಪಾಯಿ ಖರ್ಚು ಮಾಡಿದ್ದಕ್ಕೆ ನನಗೆ ಇವತ್ತಿಗೂ ಬೇಸರ ಇಲ್ಲ. ಅವತ್ತು ಹಣ ವಾಪಸ್ ಪಡೆದವರೇ ಆಮೇಲೆ ನಂಬಿ ಮತ್ತೆ ಕೊಟ್ಟರು.

ಹೊಸದಾಗಿ ಶುರು ಮಾಡಿದಾಗ ಸಂಘ ನೋಂದಣಿ ಮಾಡಿಸಿದೆವು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಕೆಳಗೆ ಏಳು ಜನ ಇದ್ದರೆ ಸಾಕು, ನಾವು ಒಂಬತ್ತು ಜನ, ಅದರಲ್ಲಿ ನಾಲ್ವರು ಹೆಂಗಸರು. 79ಬಿ ಇದ್ದಾಗ ಸಂಘದ ಹೆಸರಲ್ಲಿ ಕೃಷಿ ಜಮೀನು ಕೊಳ್ಳಲು ಬರುತ್ತಿರಲಿಲ್ಲ, ಈಗ ಬರುತ್ತದೆ ಅಂತ ವಕೀಲರು ಹೇಳಿದರು. ಹತ್ತು ರೈತರ ಹೆಸರಲ್ಲಿ ಜಂಟಿಯಾಗಿ ಕೊಳ್ಳೋಣ ಅಂತಲೂ ಮಾತು ಬಂದಿತ್ತು, ಬೇಡ ಅಂದೆವು. ಇಂದಿಲ್ಲ ನಾಳೆ ಅವರ ಮಕ್ಕಳು ಪಾಲು ಕೇಳಿದರೆ? ಸಂಘ ಮುಚ್ಚಿದರೂ ಯಾವ ಸದಸ್ಯನಿಗೂ ಒಂದು ಗುಂಟೆ ಹೋಗುವಂತಿಲ್ಲ ಅಂತ ನಿಯಮಾವಳಿಯಲ್ಲೇ ಬರೆಸಿದೆವು.

ಖಜಾಂಚಿ ಮಾಡಿದ್ದು ಸ್ವಸಹಾಯ ಗುಂಪಿನ ಲೆಕ್ಕ ಬರೆಯುವ ಅಕ್ಕನನ್ನು. ಹದಿನಾಲ್ಕು ವರ್ಷದಿಂದ ವಾರವಾರ ಇಪ್ಪತ್ತು ಹೆಂಗಸರ ಉಳಿತಾಯ, ಸಾಲ, ಬಡ್ಡಿ ಬರೆದ ಕೈ ಅದು. ಅವರು ಮೊದಲ ದಿನ ಎರಡು ಮಾತು ಹೇಳಿದರು. ಸಹಿ ಮೂರು ಜನರದ್ದು ಇರಬೇಕು, ಮತ್ತು ಪ್ರತಿ ಶನಿವಾರ ಲೆಕ್ಕ ಗುಡಿ ಗೋಡೆಯ ಮೇಲೆ ಬರೆಯಬೇಕು. ಸುಣ್ಣ ಹೊಡೆದ ಗೋಡೆ, ಇದ್ದಿಲು ಬಣ್ಣದ ದೊಡ್ಡ ಅಕ್ಷರ. ಓದಲು ಬಾರದವರು ಮಕ್ಕಳನ್ನು ಕರೆದುಕೊಂಡು ಬಂದು ತಮ್ಮ ಹೆಸರಿನ ಸಾಲು ಓದಿಸಿಕೊಳ್ಳುತ್ತಿದ್ದರು.

ಎಳ್ಳ ಅಮಾವಾಸ್ಯೆ

ನಮ್ಮ ಕಡೆ ಎಳ್ಳ ಅಮಾವಾಸ್ಯೆ ಅಂದರೆ ದೀಪಾವಳಿಗಿಂತ ದೊಡ್ಡದು. ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರಿನಲ್ಲಿ ದುಡಿಯುವವರೆಲ್ಲ ಊರಿಗೆ ಬರುತ್ತಾರೆ. 2024ರಲ್ಲಿ ಅದು ಜನವರಿ 11ಕ್ಕೆ ಬಂದಿತ್ತು. ಆ ಸಲ ಪ್ರತಿಯೊಬ್ಬರು ತಮ್ಮ ತಮ್ಮ ಹೊಲಕ್ಕೆ ಹೋಗಿ ಚರಗ ಚೆಲ್ಲಿದ ಮೇಲೆ, ಸಂಜೆ ಎಲ್ಲರೂ ಝರಿಯ ಹತ್ತಿರ ಸೇರಬೇಕು ಅಂತ ಡಂಗುರ ಸಾರಿಸಿದೆವು. ಬುಟ್ಟಿಯಲ್ಲಿ ಉಳಿದ ಭಜ್ಜಿ, ಸಜ್ಜಿ ರೊಟ್ಟಿ, ಅಂಬಲಿ ಎಲ್ಲ ಅಲ್ಲಿಗೇ ಬಂತು. ಪುಣೆಯಲ್ಲಿ ಹುಟ್ಟಿದ ಮಕ್ಕಳು ಬೊಗಸೆ ಒಡ್ಡಿ ಝರಿ ನೀರು ಕುಡಿದರು. ಯಾರೂ ಭಾಷಣ ಮಾಡಲಿಲ್ಲ, ಮಾಡುವ ಅವಶ್ಯಕತೆಯೂ ಇರಲಿಲ್ಲ. ಬಣ್ಣ ಹಚ್ಚಿದ ಸಿಮೆಂಟ್ ಕಲ್ಲುಗಳು ಅಲ್ಲೇ ಕಣ್ಣ ಮುಂದೆ ನಿಂತಿದ್ದವು.

ಪಟ್ಟಿಯ ಲೆಕ್ಕ ಹೀಗಿತ್ತು: ಹೊಲ ಇದ್ದವರು ಎಕರೆಗೆ 1,000, ಹೊಲ ಇಲ್ಲದ ಮನೆ 500, ಆಗದವರಿಗೆ ಒತ್ತಾಯ ಇಲ್ಲ. ಕೈಯಲ್ಲಿ ನಗದು ಇಲ್ಲದವರು ತೊಗರಿ ಕೊಟ್ಟರು. ಆಗಷ್ಟೇ ರಾಶಿ ಆಗಿತ್ತು, ಯಾರು ಎಷ್ಟು ಕೊಟ್ಟರೂ ತೂಕ ಮಾಡಿ ರಸೀದಿ. ಒಬ್ಬ ಮುದುಕಿ ಸೆರಗಿನಲ್ಲಿ ಎರಡು ಸೇರು ತೊಗರಿ ಕಟ್ಟಿಕೊಂಡು ಬಂದಳು. ಖಜಾಂಚಿ ಅಕ್ಕ ಅದನ್ನೂ ತಕ್ಕಡಿಗೆ ಹಾಕಿ, ಹೆಸರು ಬರೆದು, ರಸೀದಿ ಹರಿದು ಅವಳ ಕೈಗೇ ಕೊಟ್ಟರು. ಒಟ್ಟು 14 ಕ್ವಿಂಟಲ್ ತೊಗರಿ ಬೀದರಿನ ಗಾಂಧಿ ಗಂಜಿಗೆ ಹೋಯಿತು. ಆ ವರ್ಷ ತೊಗರಿಯ ಬೆಂಬಲ ಬೆಲೆ ಕ್ವಿಂಟಲಿಗೆ 7,000 ಇತ್ತು, ಪೇಟೆ ದರ ಅದಕ್ಕಿಂತ ಮೇಲಿತ್ತು. ನಮ್ಮ ಮಾಲಿಗೆ 9,300 ಬಿತ್ತು, 1,30,200 ಬಂತು.

ಆದರೂ ಆ ರಾತ್ರಿ ಕೂಡಿಸಿ ನೋಡಿದರೆ ಬಂದದ್ದು, ಬರುತ್ತೇನೆ ಅಂದದ್ದು ಎಲ್ಲ ಸೇರಿ 24 ಲಕ್ಷ ದಾಟಲಿಲ್ಲ. ಬೇಕಾದ್ದು 88. ಮನೆಗೆ ನಡೆಯುತ್ತಾ ಯಾರೂ ಮಾತಾಡಲಿಲ್ಲ. ಒಂದಿಬ್ಬರು ಮರುದಿನವೇ ತಮ್ಮ ಹಣ ವಾಪಸ್ ಕೇಳಿದರು. ಆಗದ ಕೆಲಸಕ್ಕೆ ಯಾಕೆ ಅಂತ. ಕೊಟ್ಟೆವು.

ಕರಿ ಕಲ್ಲು

ಇಲ್ಲಿಂದ ಪ್ರಕರಣ ತಿರುಗಿತು. ಪಂಚಾಯ್ತಿಯ ಪಿಡಿಒ ಅವರು ಅಕ್ಟೋಬರ್‌ನಲ್ಲೇ ಒಂದು ಮಾತು ಹೇಳಿದ್ದರು: ಗಾಯರಾಣದ ಹದ್ದುಬಸ್ತು, ಅಂದರೆ ಗಡಿ ಅಳತೆ ಮಾಡಿಸಿ, ಜೆಸಿಬಿ ರಸ್ತೆ ಎಲ್ಲಿ ಬಿದ್ದಿದೆ ಗೊತ್ತಾಗಲಿ. ಗ್ರಾಮಸಭೆಯಲ್ಲಿ ಠರಾವು ಮಾಡಿ ಅರ್ಜಿ ಕೊಟ್ಟಿದ್ದೆವು. ನಾವು ಅದನ್ನು ರಸ್ತೆ ನಿಲ್ಲಿಸುವ ಕೆಲಸ ಅಂದುಕೊಂಡಿದ್ದೆವೇ ಹೊರತು ಜಮೀನಿನ ಬೆಲೆಗೂ ಅದಕ್ಕೂ ಸಂಬಂಧ ಇದೆ ಅಂತ ತಲೆಗೇ ಬಂದಿರಲಿಲ್ಲ.

ಅಳತೆಗೆ ಹಳೇ ದಾಖಲೆ ಬೇಕು. 1956ರವರೆಗೆ ನಾವು ಹೈದರಾಬಾದ್ ರಾಜ್ಯದಲ್ಲಿದ್ದವರು, ಹಾಗಾಗಿ ನಮ್ಮ ಕಡೆ ಮೂಲ ಅಂದರೆ ಸೇತ್ವಾರ ಅನ್ನುವ ನಿಜಾಮರ ಕಾಲದ ಸರ್ವೆ ದಾಖಲೆ, ಆಮೇಲೆ 1954-55ರ ಖಾಸ್ರಾ ಪಹಣಿ. ನಕಲು ಸಿಕ್ಕಿತು, ಆದರೆ ಸೇತ್ವಾರ ಪೂರ್ತಿ ಉರ್ದು. ಸಮಿತಿಯಲ್ಲಿ ಒಬ್ಬರಿಗೂ ಓದಲು ಬರಲಿಲ್ಲ. ಊರಲ್ಲಿ ಉರ್ದು ಶಾಲೆಯಿಂದ ನಿವೃತ್ತಿ ಆದ ಮಾಸ್ತರ್ ಚಾಚಾ ಇದ್ದಾರೆ, ಅವರ ಮನೆಗೆ ಹೋದೆವು. ಚಾಚಾ ಕನ್ನಡಕ ಒರೆಸಿಕೊಂಡು, ಕಾಗದವನ್ನು ಕಿಟಕಿ ಬೆಳಕಿಗೆ ಹಿಡಿದು, ಬಲದಿಂದ ಎಡಕ್ಕೆ ಬೆರಳಿಟ್ಟುಕೊಂಡು ಸಾಲು ಸಾಲಾಗಿ ಬಂದರು. ಒಂದು ಕಡೆ ಬೆರಳು ನಿಂತಿತು. "ಗಾಫ್, ಅಲಿಫ್... ಗಾಯರಾನ್" ಅಂದರು. ಮುಂದೆ ಪಕ್ಕದ ಸರ್ವೆ ನಂಬರಿನ ಸಾಲು. ಅಲ್ಲಿನ ಅಂಕಿಯನ್ನು ಮೂರು ಸಲ ಓದಿದರು. ನಮ್ಮ ಕಡೆ ನೋಡಿ, "ಬೇಟಾ, ಇದು ಹನ್ನೊಂದು ಎಕರೆ ಅಲ್ಲ. ಏಳು ಎಕರೆ ಇಪ್ಪತ್ತು ಗುಂಟೆ ಐತಿ" ಅಂದರು.

ನಾವು 11 ಎಕರೆ ಅಂತ ಎಲ್ಲಿಂದ ಹಿಡಿದೆವು? ಯಾರೋ ಬೇಲಿ ನೋಡಿ ಹೇಳಿದ್ದು. ಪಹಣಿಯಲ್ಲೂ ಏಳೂವರೆ ಎಕರೆಯೇ ಇತ್ತು. ನಾಲ್ಕು ತಿಂಗಳಲ್ಲಿ ಒಬ್ಬರೂ ಅದನ್ನು ತೆಗೆದು ನೋಡಿರಲಿಲ್ಲ.

ಫೆಬ್ರವರಿಯಲ್ಲಿ ಭೂಮಾಪಕರು ಬಂದರು. ಮಷಿನ್ ನಿಲ್ಲಿಸಿ, ಹಳೇ ಟಿಪ್ಪಣಿ ನೋಡಿ, ಗಡಿ ಕಲ್ಲು ಇಲ್ಲೇ ಇರಬೇಕು ಅಂತ ಒಂದು ಸೀತಾಫಲ ಗಿಡದ ಬುಡ ತೋರಿಸಿದರು. ಬೇಲಿಯಿಂದ ಬಹಳ ಕೆಳಗೆ ಇತ್ತು ಆ ಜಾಗ. ಇಬ್ಬರು ಹುಡುಗರು ಸಲಿಕೆ ಹಾಕಿದರು. ಒಂದು ಮೊಳ ಕೆಂಪು ಮಣ್ಣು ತೆಗೆದ ಮೇಲೆ ಬೇರಿನ ನಡುವೆ ಏನೋ ಠಣ್ ಅಂತು. ಕೈಯಿಂದ ಮಣ್ಣು ಸರಿಸಿದರೆ ಕರಿ ಕಲ್ಲು. ಎಲ್ಲಿ ಅಗೆದರೂ ಕೆಂಪು ಕಲ್ಲೇ ಸಿಗುವ ಜಾಗದಲ್ಲಿ ಒಂದು ಕರಿ ಕಲ್ಲು ತಾನಾಗಿ ಬರುವುದಿಲ್ಲ, ಯಾರೋ ಕೆಳಗಿನಿಂದ ಹೊತ್ತು ತಂದು ನೆಟ್ಟಿದ್ದು. ನೀರು ಸುರಿದು ಉಜ್ಜಿದಾಗ ತಲೆಯ ಮೇಲೆ ಉಳಿಯಿಂದ ಹೊಡೆದ ಗೀಟು ಕಂಡಿತು. ನನ್ನ ಪಕ್ಕ ನಿಂತಿದ್ದ ಕಾಕಾ, ಅದೇ ಟ್ರಂಕಿನ ಕಾಕಾ, ಬಗ್ಗಿ ಕಲ್ಲಿಗೆ ಕೈ ಮುಟ್ಟಿಸಿ ಕಣ್ಣಿಗೆ ಒತ್ತಿಕೊಂಡರು.

ಅಳತೆ ಮುಗಿದಾಗ ಬೇಲಿ ಒಳಗಿನ 11 ಎಕರೆಯಲ್ಲಿ 3 ಎಕರೆ 20 ಗುಂಟೆ ಗಾಯರಾಣ ಅಂತ ಆಯಿತು. ಹಿಂದೆ ಪಾಲಿಗೆ ಮಾಡುತ್ತಿದ್ದವರು ವರ್ಷ ವರ್ಷ ಬೇಲಿ ಮೇಲಕ್ಕೆ ಸರಿಸಿದ್ದರು, ಮಾಲೀಕರಿಗೂ ಗೊತ್ತಿರಲಿಲ್ಲ. ನಾವು ನಮ್ಮದೇ ಜಮೀನನ್ನು 28 ಲಕ್ಷ ಕೊಟ್ಟು ಕೊಳ್ಳಲು ಹೊರಟಿದ್ದೆವು. ಈ ಒಂದು ಸಾಲನ್ನು ದಯವಿಟ್ಟು ಎರಡು ಸಲ ಓದಿ.

ಇನ್ನೊಂದು ಪರಿಣಾಮವೂ ಆಯಿತು. ಲೇಔಟಿಗೆ ಬರುವ ರಸ್ತೆ ಪೂರ್ತಿ ಗಾಯರಾಣದಲ್ಲಿ ಬಿದ್ದಿತ್ತು. ಇಂಥ ಸಾಮೂಹಿಕ ಜಮೀನಿನ ಒತ್ತುವರಿ ತೆರವು ಮಾಡಬೇಕು ಅಂತ ಸುಪ್ರೀಂ ಕೋರ್ಟ್ 2011ರ ಜನವರಿ 28ರಂದು ಜಗಪಾಲ್ ಸಿಂಗ್ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೆ ಹೇಳಿದೆ. ಅದರ ಪ್ರತಿ, ಅಳತೆ ನಕ್ಷೆ, ಗ್ರಾಮಸಭೆ ಠರಾವು ಮೂರನ್ನೂ ಸೇರಿಸಿ ಕೊಟ್ಟೆವು. ರಸ್ತೆ ಇಲ್ಲದ ಲೇಔಟ್ ಯಾರಿಗೆ ಬೇಕು? ಲೇಔಟಿನವರು ಬರುವುದೇ ನಿಲ್ಲಿಸಿದರು.

ದನ ಎಣಿಸಿದ್ದು

ಇದು ಬಹಳ ಊರುಗಳಿಗೆ ಗೊತ್ತಿಲ್ಲದ ವಿಷಯ, ಅದಕ್ಕೆ ಬಿಡಿಸಿ ಬರೆಯುತ್ತೇನೆ. ಭೂಕಂದಾಯ ನಿಯಮ 1966ರ 97ನೇ ನಿಯಮದ ಪ್ರಕಾರ 100 ದನಕ್ಕೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗಾಯರಾಣ ಇಡಬೇಕು. ದನಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ಇದೆ ಅಂತ ಆದರೆ ಜಿಲ್ಲಾಧಿಕಾರಿ ಕಡಿಮೆ ಮಾಡಿ ಬೇರೆ ಕೆಲಸಕ್ಕೆ ಕೊಡಬಹುದು. ಟ್ರ್ಯಾಕ್ಟರ್ ಬಂದು ಎತ್ತು ಹೋದ ಊರುಗಳಲ್ಲಿ ಗಾಯರಾಣ ಕರಗುವುದು ಹೀಗೇ.

ನಮ್ಮ 96 ಎಕರೆಗೆ ಸುಮಾರು 324 ದನ ಇರಬೇಕು. ಹೈಸ್ಕೂಲ್ ಮಕ್ಕಳಿಗೆ ಒಂದು ಭಾನುವಾರ ಓಣಿ ಓಣಿ ಹಂಚಿ ಎಣಿಸಲು ಹೇಳಿದೆವು. 347 ಬಂತು. 23 ದನ ಜಾಸ್ತಿ, ಅಷ್ಟೇ ಅಂತರ. ಅದರಲ್ಲಿ ಬಹಳಷ್ಟು ದೇವಣಿ ತಳಿ. ಲಾತೂರಿನ ದೇವಣಿ ಊರಿನಿಂದ ಹೆಸರು ಬಂದ ಈ ತಳಿ ನಮ್ಮ ಬಿಸಿಲಿಗೆ, ನಮ್ಮ ಒಣ ಮೇವಿಗೆ ಒಗ್ಗಿದ್ದು. ಪಶುವೈದ್ಯಕೀಯ ವಿಶ್ವವಿದ್ಯಾಲಯ ಬೀದರಿನ ನಂದಿನಗರದಲ್ಲೇ ಇರುವುದರಿಂದ ತಳಿ ಬಗ್ಗೆ ಕೇಳಲು ನಾವು ದೂರ ಹೋಗಬೇಕಾಗಿಲ್ಲ. ಯಾರಾದರೂ ಎತ್ತು ಮಾರುತ್ತೇನೆ ಅಂದರೆ ಊರೊಳಗೇ ಗಿರಾಕಿ ಹುಡುಕುವುದು ಈಗ ಸಮಿತಿಯ ಕೆಲಸದಲ್ಲಿ ಒಂದು.

ಹೈದರಾಬಾದಿನ ಮಾತುಕತೆ ಮತ್ತು ಐದು ಲಕ್ಷದ ಕಮಾನು

ಮಾರ್ಚ್ ಮೊದಲ ವಾರ ನಾನು, ಖಜಾಂಚಿ ಅಕ್ಕ, ಕಾಕಾ ಮೂರು ಜನ ಬೆಳಗಿನ ರೈಲಿಗೆ ಹೈದರಾಬಾದಿಗೆ ಹೋದೆವು. ನಕ್ಷೆ ತೋರಿಸಿದಾಗ ಅಣ್ಣತಮ್ಮಂದಿರಿಬ್ಬರೂ ಸಿಟ್ಟಾದರು, ಅದು ಸಹಜ. ಮೂರೂವರೆ ಎಕರೆ ಹೋಯಿತು ಅಂದರೆ ಯಾರಿಗೆ ಆಗಲ್ಲ? ಅವರ ಅಕ್ಕ ಚಹಾ ತಂದು ಕೂತರು. ಸ್ವಲ್ಪ ಹೊತ್ತು ಸುಮ್ನೆ ಇದ್ದು, "ಝರಿ ಬಲ್ಲಿ ನಮ್ಮಪ್ಪ ಹಚ್ಚಿದ್ದು ಒಂದು ಬೇವಿನ ಗಿಡ ಇತ್ತು, ಐತೇನು?" ಅಂತ ಕೇಳಿದರು. ಇದೆ ಅಂದೆ. ಫೋನಿನಲ್ಲಿ ಫೋಟೋ ತೋರಿಸಿದೆ. ಅವತ್ತು ಬೆಲೆ ಮುಗಿಯಲಿಲ್ಲ, ಆದರೆ ಅವರು ನಮ್ಮನ್ನು ಊಟ ಮಾಡಿಸದೆ ಕಳಿಸಲಿಲ್ಲ.

ಕೊನೆಗೆ ಆದ ಒಪ್ಪಂದ: ಝರಿ ಮತ್ತು ಇಳಿಜಾರು ಸೇರಿದ 4 ಎಕರೆ ಸಂಘಕ್ಕೆ, ಎಕರೆಗೆ 7 ಲಕ್ಷ. ಕೆಳಗೆ ಊರ ರಸ್ತೆಗೆ ಹತ್ತಿರದ 3 ಎಕರೆ 20 ಗುಂಟೆ ಅವರೇ ಇಟ್ಟುಕೊಳ್ಳುತ್ತಾರೆ. ನಮಗೆ ಬೇಕಾದ್ದು 28 ಲಕ್ಷ ಮತ್ತು ಖರ್ಚು.

ಕೈಯಲ್ಲಿ 27 ಲಕ್ಷದ ಸುತ್ತ ಇತ್ತು. ಖರ್ಚು ಸೇರಿಸಿದರೆ ನಾಲ್ಕು ಲಕ್ಷ ಕಡಿಮೆ. ಅದೇ ಹೊತ್ತಿಗೆ ಊರಿನ ಮೂಲದ ಒಬ್ಬ ದೊಡ್ಡ ಗುತ್ತಿಗೆದಾರರು ಐದು ಲಕ್ಷ ಕೊಡುತ್ತೇನೆ ಅಂದರು. ಎರಡು ಷರತ್ತು: ದಾರಿಗೆ ಅವರ ತಂದೆ ಹೆಸರಿನ ಕಮಾನು, ಝರಿ ಪಕ್ಕ ಒಂದು ಯಾತ್ರಿ ನಿವಾಸ. ಊರು ಎರಡಾಯಿತು. ಮೂರು ಸಭೆ ನಡೆದವು. ಅವರ ಮನಸ್ಸು ಒಳ್ಳೆಯದೇ, ತಂದೆಯ ನೆನಪಿಗೆ ಮಾಡುತ್ತೇನೆ ಅನ್ನುವವರನ್ನು ಬೇಡ ಅನ್ನುವುದು ಸುಲಭ ಇರಲಿಲ್ಲ. ಮೂರನೇ ಸಭೆಯಲ್ಲಿ ಖಜಾಂಚಿ ಅಕ್ಕ ಎದ್ದು ನಿಂತು ಕೇಳಿದರು: "ಝರಿ ಮ್ಯಾಲ ನಾವೇ ಸಿಮೆಂಟ್ ಹಾಕಿದ್ರ, ಅವರು ಪ್ಲಾಟ್ ಹಾಕಾದಕ್ಕೂ ಇದಕ್ಕೂ ಏನ್ ಫರಕ್ ಆತ್ರಿ?" ಉತ್ತರ ಯಾರ ಹತ್ತಿರವೂ ಇರಲಿಲ್ಲ. ಹಣ ಬೇಡ ಅಂತ ಕೈಮುಗಿದು ಹೇಳಿ ಬಂದೆವು. ಆ ನಾಲ್ಕು ಲಕ್ಷವನ್ನು ಊರಿನ ಇಬ್ಬರು ಬಡ್ಡಿ ಇಲ್ಲದೆ ಕೈಗಡ ಕೊಟ್ಟರು. ಒಬ್ಬರು ಮಗಳ ಮದುವೆಗೆ ಇಟ್ಟಿದ್ದನ್ನು.

ಲೋಕಸಭೆ ಚುನಾವಣೆ ಬಂತು, ಕಚೇರಿಯವರೆಲ್ಲ ಆ ಕೆಲಸಕ್ಕೆ ಹೋದರು, ಬೀದರಿನಲ್ಲಿ ಮತದಾನ ಮೇ 7ಕ್ಕೆ. ನಮ್ಮ ನೋಂದಣಿ ಆದದ್ದು ಜೂನ್ 2024ರಲ್ಲಿ.

ಲೆಕ್ಕ

ಗೋಡೆಯ ಮೇಲೆ ಬರೆದದ್ದನ್ನೇ ಇಲ್ಲಿ ಹೇಳುತ್ತೇನೆ. 268 ಮನೆಗಳ ಊರಿನಲ್ಲಿ ಪಟ್ಟಿಯಿಂದ 5,86,000. ತೊಗರಿಯಿಂದ 1,30,200. ಹೊರಗೆ ದುಡಿಯುವವರಿಂದ 16,40,000, ಇದು ಅರ್ಧಕ್ಕಿಂತ ಜಾಸ್ತಿ, ಇವರಿಲ್ಲದೆ ಆಗುತ್ತಲೇ ಇರಲಿಲ್ಲ. ಹೆಂಗಸರ ಗುಂಪುಗಳಿಂದ 1,45,000, ಜಾತ್ರೆ ಕಮಿಟಿಯಿಂದ 2,00,000. ಕೈಗಡ 4,00,000. ಒಟ್ಟು 31,01,200.

ಖರ್ಚಿನಲ್ಲಿ ಜಮೀನಿಗೆ 28,00,000. ಮುದ್ರಾಂಕ ಶುಲ್ಕ 5%, ಅದರ ಮೇಲೆ ಸೆಸ್ ಮತ್ತು ಸರ್ಚಾರ್ಜ್, ನೋಂದಣಿ ಶುಲ್ಕ ಆಗ 1%, ಎಲ್ಲ ಸೇರಿ 1,86,200. ನೀವು ಈಗ ಲೆಕ್ಕ ಹಾಕುವುದಾದರೆ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ 2% ಆಗಿದೆ, ಅದನ್ನು ಮರೆಯಬೇಡಿ. ನಾವು ಮೊದಲ ಸಭೆಯಲ್ಲಿ ಈ ಖರ್ಚನ್ನೇ ಹಿಡಿದಿರಲಿಲ್ಲ. ಅಳತೆ, ವಕೀಲರು, ನಕಲು, ಓಡಾಟ 47,500. ಸಂಘದ ನೋಂದಣಿ, ರಸೀದಿ ಪುಸ್ತಕ, ಸುಣ್ಣ, ಬಣ್ಣ 11,000. ಉಳಿದದ್ದು 56,500.

ಅಳತೆ, ವಕೀಲರು ಅಂತ ಆದ 47,500ರಲ್ಲಿ ಅಳತೆಯ ಪಾಲು ತೀರಾ ಸಣ್ಣದು. ಅದು ನಮಗೆ ಮೂರೂವರೆ ಎಕರೆ ಪುಕ್ಕಟೆ ವಾಪಸ್ ತಂದಿತು, ಲೇಔಟಿನ ರಸ್ತೆ ನಿಲ್ಲಿಸಿತು, ಬೆಲೆ ಮಾತಾಡಲು ಒಂದು ಕಾಗದ ಕೈಗೆ ಕೊಟ್ಟಿತು. 88 ಲಕ್ಷ ಅಂತ ಹೇಳಿದ್ದರಿಂದ ಹಿಂದೆ ಸರಿದವರಲ್ಲಿ ಕೆಲವರು ಆಮೇಲೂ ಬರಲಿಲ್ಲ.

ಇನ್ನೊಂದು ತಪ್ಪು

ಕೊಂಡ ಮೇಲೆ ಖುಷಿಯಲ್ಲಿ ಗಾಯರಾಣದ ಅಂಚಿಗೆ ಕಂದಕ ತೋಡಿಸಲು ಶುರು ಮಾಡಿದೆವು. ಮೂರನೇ ದಿನ ಕುರಿಗಾರರು ಬಂದು ನಿಂತರು. ಅವರ ಕುರಿಗಳು ಝರಿಗೆ ಇಳಿಯುವ ದಾರಿಯನ್ನೇ ನಾವು ಕಡಿದಿದ್ದೆವು. ಒಂಬತ್ತು ಜನರ ಸಮಿತಿಯಲ್ಲಿ ಒಬ್ಬ ಕುರಿಗಾರ ಇರಲಿಲ್ಲ ಅನ್ನುವುದು ಅವತ್ತು ಹೊಳೆಯಿತು. ವರ್ಷದಲ್ಲಿ ಎಲ್ಲರಿಗಿಂತ ಜಾಸ್ತಿ ದಿನ ಆ ಬಯಲಲ್ಲಿ ಇರುವವರು ಅವರೇ. ಜೆಸಿಬಿ ಬಂದ ಸುದ್ದಿ ತಂದದ್ದೂ ದನ ಕಾಯುವ ಹುಡುಗನೇ ಹೊರತು ನಾವ್ಯಾರೂ ಅಲ್ಲ. ಕಂದಕ ಮುಚ್ಚಿಸಿದೆವು. ಈಗ ಅವರ ಕಡೆಯಿಂದ ಇಬ್ಬರು ಸಮಿತಿಯಲ್ಲಿದ್ದಾರೆ. ಚಿಗರಿ ಮರಿ ಹಾಕುವ ದಿನಗಳಲ್ಲಿ ನಾಯಿ ಬಿಡಬಾರದು ಅನ್ನುವ ನಿಯಮ ತಂದದ್ದು ಅವರೇ.

ಈಗ ಎಲ್ಲಿದ್ದೇವೆ

ಅದೇ ಅಳತೆ ಇನ್ನೊಂದನ್ನೂ ತೋರಿಸಿತು. ಗಾಯರಾಣದ ಇನ್ನೊಂದು ಅಂಚಿನಲ್ಲಿ ನಮ್ಮೂರಿನ ಐದು ರೈತರು ಕೂಡಿ ಎರಡು ಎಕರೆಗಿಂತ ಸ್ವಲ್ಪ ಜಾಸ್ತಿ ಉಳುತ್ತಿದ್ದಾರೆ. ಅವರಲ್ಲಿ ಮೂವರು ಪಟ್ಟಿ ಕೊಟ್ಟವರು, ಗೋಡೆಯ ಮೇಲೆ ಅವರ ಹೆಸರಿದೆ. ಲೇಔಟಿನವರಿಗೆ ಒಂದು ನ್ಯಾಯ, ನಮ್ಮವರಿಗೆ ಒಂದು ನ್ಯಾಯ ಅಂತ ಮಾಡಲು ಬರುವುದಿಲ್ಲ. ಮನೆಗೇ ಹೋಗಿ ಕೂತು ಮಾತಾಡಿದೆವು. ಇಬ್ಬರು ಬಿತ್ತನೆ ನಿಲ್ಲಿಸಿ ಬಿಟ್ಟುಕೊಟ್ಟರು. ಮೂವರು, ಉಳುತ್ತಿರುವ ಸರ್ಕಾರಿ ಜಮೀನು ತಮಗೇ ಮಂಜೂರು ಮಾಡಿ ಅಂತ ಬಗರ್ ಹುಕುಂ ಅರ್ಜಿ ಹಾಕಿದ್ದಾರೆ. ದನದ ಲೆಕ್ಕ ನೋಡಿದರೆ ಕೊಡಲು ಜಮೀನು ಉಳಿಯುವುದಿಲ್ಲ ಅಂತ ನಾವು ಆಕ್ಷೇಪಣೆ ಕೊಟ್ಟಿದ್ದೇವೆ. ಅವರಲ್ಲಿ ಒಬ್ಬರು ನನ್ನ ಸ್ವಂತ ಸೋದರಮಾವ. ಈಗ ನಮ್ಮ ಮನೆಗೆ ಬರುವುದಿಲ್ಲ. ನಾನು ಹೋಗುತ್ತೇನೆ, ಅತ್ತೆ ಚಹಾ ಕೊಡುತ್ತಾರೆ, ಮಾಮಾ ಹೊರಗೆ ಹೋಗುತ್ತಾರೆ.

ಕೆಳಗಿನ ಮೂರೂವರೆ ಎಕರೆ ಮಾರುವುದಾದರೆ ಮೊದಲು ನಮಗೆ ಹೇಳುತ್ತೇವೆ ಅಂತ ಹೈದರಾಬಾದಿನವರು ಮಾತು ಕೊಟ್ಟಿದ್ದಾರೆ, ಬರೆದು ಕೊಟ್ಟಿಲ್ಲ. ಎರಡು ವರ್ಷದ ಸೀತಾಫಲ ಹರಾಜು ಮತ್ತು ಹೊಸ ಪಟ್ಟಿಯಿಂದ ಕೈಗಡದಲ್ಲಿ 2,90,000 ತೀರಿದೆ. ಮದುವೆ ಹಣ ಕೊಟ್ಟವರದು ಮೊದಲು ತೀರಿಸಿದೆವು. ಇನ್ನೊಬ್ಬರಿಗೆ 1,10,000 ಕೊಡುವುದಿದೆ. ಅದು ಇವತ್ತಿಗೂ ಗುಡಿ ಗೋಡೆಯ ಮೇಲೆ, ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ಇದೆ. ಖಜಾಂಚಿ ಅಕ್ಕ ಪ್ರತಿ ಶನಿವಾರ ಅದನ್ನು ಒರೆಸಿ ಮತ್ತೆ ಬರೆಯುತ್ತಾರೆ, ಅಂಕಿ ಬದಲಾಗದಿದ್ದರೂ.